ಟ್ರಯಲ್ ಅನ್ನೋ ಬಿಟ್ಟಿ ಚಾಕರಿ

ನಮ್ಮ ಚಿಕ್ಕಮ್ಮನ ಮಗ ಹೋದ ತಿಂಗಳು ಬೆಂಗಳೂರಲ್ಲಿ ಒಂದು ಬೇಕರಿಗೆ ಸೇರಿದ. 'ಹತ್ತು ದಿನ ಟ್ರಯಲ್, ಆಮೇಲೆ ಸಂಬಳ ಮಾತಾಡೋಣ' ಅಂದಿದ್ದರಂತೆ. ಬೆಳಿಗ್ಗೆ ಏಳಕ್ಕೆ ಶಟರ್ ಎತ್ತೋದು, ಟ್ರೇ ತೊಳೆಯೋದು, ಪಫ್ಸ್ ಬಿಸಿ ಮಾಡೋದು, ಸಂಜೆ ರಶ್ಶಲ್ಲಿ ಪಾರ್ಸಲ್ ಕಟ್ಟೋದು, ಎಲ್ಲಾ ಮಾಡಿದ್ದಾನೆ. ಹನ್ನೊಂದನೇ ದಿನ 'ನೀನು ಸೆಟ್ ಆಗಲ್ಲಪ್ಪ' ಅಂತ ಕಳಿಸಿದರು. ಕೈಗೆ ಸಿಕ್ಕಿದ್ದು ಒಂದು ಪೊಟ್ಟಣ ಖಾರಾ ಬಿಸ್ಕತ್ತು. ಮರುದಿನ ಆ ಜಾಗದಲ್ಲಿ ಇನ್ನೊಬ್ಬ ಹುಡುಗ. ಅವನಿಗೂ ಟ್ರಯಲ್ಲೇ!

'ಬಿಡಣ್ಣ, ನಾನೇ ಒಪ್ಪಿದ್ದೆನಲ್ಲ' ಅಂದ. ನನಗೆ ರೇಗಿದ್ದು ಅಲ್ಲೇ.

ಒಪ್ಪಿದರೂ ಅದು ನಿಲ್ಲಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಅನ್ನೋ ಕೇಂದ್ರದ ಕಾನೂನಿನ ಪ್ರಕಾರ, ಬರಬೇಕಾದ ಸಂಬಳ ಬೇಡ ಅಂತ ಬರೆದುಕೊಟ್ಟರೂ ಆ ಕಾಗದಕ್ಕೆ ಬೆಲೆ ಇಲ್ಲ. ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನಕ್ಕಿಂತ ಕಮ್ಮಿ ಕೊಡೋ ಹಾಗಿಲ್ಲ, ಟ್ರಯಲ್‌ಗೆ ಅಂತ ಬೇರೆ ರಿಯಾಯಿತಿಯೂ ಇಲ್ಲ. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಆಗಬೇಕು. ಅರ್ಧ ಗಂಟೆ ಕೂರಿಸಿ ಕೈಚಳಕ ನೋಡೋದು ಬೇರೆ ಮಾತು ಬಿಡಿ, ಹತ್ತು ದಿನ ಗಿರಾಕಿಗಳಿಗೆ ಮಾಲು ಕೊಡಿಸಿ ದುಡ್ಡು ಎಣಿಸಿಕೊಂಡ ಮೇಲೆ ಅದೆಂಥ ಪರೀಕ್ಷೆ?

ನಮ್ಮಲ್ಲಿ ಇದಕ್ಕೆ ಹಳೇ ಹೆಸರೇ ಇದೆಯಲ್ಲ, ಬಿಟ್ಟಿ ಚಾಕರಿ. ಸಂವಿಧಾನದ 23ನೇ ವಿಧಿ ನಿಷೇಧಿಸಿರೋದು ಅದನ್ನೇ. ದೆಹಲಿ ಏಷ್ಯನ್ ಗೇಮ್ಸ್ ಕಟ್ಟಡದ ಕೂಲಿಯವರ ಕೇಸಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ಕೂಲಿಗಿಂತ ಕಮ್ಮಿಗೆ ದುಡಿಸಿಕೊಂಡರೂ ಅದು ಬಲವಂತದ ದುಡಿಮೆಯೇ ಅಂದಿತು. ಕೋಲು ಹಿಡಿದು ನಿಲ್ಲಬೇಕಿಲ್ಲ, ಹಸಿವು, ಬಡತನವೇ ಬಲವಂತ ಅಂತಲೂ ಹೇಳಿತು. ಕೆಲಸ ಸಿಕ್ಕರೆ ಸಾಕು ಅಂತ ಊರಿಂದ ಬಸ್ಸು ಹತ್ತಿ ಬಂದ ಹುಡುಗ ಒಪ್ಪದೆ ಇನ್ನೇನು ಮಾಡಿಯಾನು?

ಸಂಬಳ ಕೊಟ್ಟಿದ್ದೇನೆ ಅಂತ ತೋರಿಸೋದು ಮಾಲೀಕನ ತಲೆನೋವು. ಅಲ್ಲಿ ದುಡಿದದ್ದು ಮಾತ್ರ ನಾವೇ ತೋರಿಸಬೇಕು. 'ನಾಳೆ ಬೇಗ ಬಾ' ಅನ್ನೋ ವಾಟ್ಸಾಪ್ ಮೆಸೇಜು, ಏಪ್ರನ್ ಹಾಕಿದ ಫೋಟೋ, ಪಕ್ಕದಲ್ಲಿ ನಿಂತು ಕೆಲಸ ಮಾಡಿದವರ ಮಾತು, ಏನಿದ್ದರೂ ಎತ್ತಿಡಿ. ದೂರು ಕೊಡೋಕೆ ಮೂರು ವರ್ಷ ಟೈಮಿದೆ, ಆದರೆ ಅಷ್ಟು ದಿನ ಫೋನಲ್ಲಿ ಮೆಸೇಜು ಉಳಿಯುತ್ತಾ?

ಹತ್ತು ದಿನದ ಲೆಕ್ಕ ಬರೆದು ಮಾಲೀಕರಿಗೆ ವಾಟ್ಸಾಪ್ ಕಳಿಸಿದ್ದೇವೆ. ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ. ಸೋಮವಾರ ರಜೆ ಹಾಕಿ ಅವನ ಜೊತೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ಹೋಗ್ತಿದ್ದೇನೆ.