ಕುಕ್ಕರಹಳ್ಳಿ ಕೆರೆ ಏರಿ ಮೇಲೆ

ಬೆಳಿಗ್ಗೆ ವಾಕಿಂಗ್ ಮುಗಿಸಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸುಮ್ನೆ ಕೂತಿದ್ದೆ. ಮಗಳು ಜೊಂಡಿನ ಕಡೆ ಒಂದು ಕಲ್ಲು ಎಸೆದಳು. ಅಲೆ ಕಡ್ಡಿಗಳಿಗೆ ಬಡಿದು ಚೂರುಚೂರಾಗಿ ತಿರುಗಿ ಬಂತು. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸಿಕ್ಕಿದ ಕಡೆ ನೀರು ಸಮ!

ಎಲೆಕ್ಟ್ರಾನ್ ಕೂಡ ಅಲೆಯೇ ಅಲ್ವಾ? ವಸ್ತುವಿನ ಒಳಗಿನ ಜೋಡಣೆ ತೀರಾ ಅಡ್ಡಾದಿಡ್ಡಿ ಇದ್ದರೆ, ಚದುರಿದ ಅಲೆಗಳು ಹೀಗೇ ಒಂದನ್ನೊಂದು ಅಳಿಸಿ, ಅದು ಹರಡದೆ ಒಂದೇ ಕಡೆ ನಿಂತುಬಿಡಬಹುದು ಅಂತ 1958ರಲ್ಲೇ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ ತೋರಿಸಿದರು. ಅದು ಒಂಟಿ ಕಣದ ಲೆಕ್ಕ. ಕಣಗಳು ಒಂದನ್ನೊಂದು ತಳ್ಳಾಡಿದರೆ? ಎಷ್ಟೋ ಸಲ ಆ ತಳ್ಳಾಟವೇ ಅಲೆಗಳ ತಾಳ ತಪ್ಪಿಸಿ, ನಿಂತ ಕಣಗಳಿಗೆ ನಿಧಾನಕ್ಕೆ ದಾರಿ ಬಿಡಿಸುತ್ತದೆ. ಆದರೂ 2015ರಲ್ಲಿ ಮ್ಯೂನಿಕ್‌ನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಲೇಸರ್ ಬೆಳಕಿನ ಗುಳಿಗಳಲ್ಲಿ ಇಟ್ಟಿದ್ದ ಪರಮಾಣುಗಳು ತಳ್ಳಾಡುತ್ತಲೇ ಅಲ್ಲಲ್ಲೇ ಉಳಿದವು. ಎಷ್ಟು ಕಾಲ ಹಾಗಿರುತ್ತವೆ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತೆ.

ಮಗಳು ಇನ್ನೊಂದು ಕಲ್ಲು ಹುಡುಕುತ್ತಿದ್ದಾಳೆ.