ಸಿಹಿನೀರು ಕುಡಿಸಿದ ಮೇಲೇ ಊಟ
ಕಾರವಾರದ ನಮ್ಮ ಮಾಮಾ ಸಣ್ಣ ಮೋಟಾರ್ ಬೋಟ್ ಇಟ್ಟಿದ್ದಾರೆ. ಸಮುದ್ರದಿಂದ ಎಷ್ಟೇ ದಣಿದು ಬರಲಿ, ಎಂಜಿನ್ನಿಗೆ ಪೈಪ್ ಹಚ್ಚಿ ಸಿಹಿನೀರು ಹರಿಸದೆ ಊಟಕ್ಕೆ ಕೂರುವುದಿಲ್ಲ. ಇಲ್ಲಿ ಬಾಗಲಕೋಟೆಯಲ್ಲಿ ನಮ್ಮ ಅಜ್ಜ ಎತ್ತುಗಳಿಗೆ ನೀರು ಕುಡಿಸಿದ ಮೇಲೇ ತಾಟಿನ ಮುಂದೆ ಕೂರುತ್ತಿದ್ದರಲ್ವಾ, ಹಾಗೆ. ಔಟ್‌ಬೋರ್ಡ್ ಎಂಜಿನ್, ಅಂದರೆ ಬೋಟಿನ ಹಿಂದೆ ಹೊರಗಡೆ ಕೂರಿಸುವ ಎಂಜಿನ್, ಸುತ್ತಲಿನ ನೀರನ್ನೇ ಎಳೆದುಕೊಂಡು ತಣ್ಣಗಾಗುತ್ತದೆ, ಆ ಉಪ್ಪು ನೀರು ಒಳಗಿನ ಸಣ್ಣ ದಾರಿಗಳಲ್ಲಿ ಒಣಗಿದರೆ ಉಪ್ಪು ಗಟ್ಟಿಯಾಗಿ ಕೂತು, ಆಮೇಲೆ ನೀರು ಸರಿಯಾಗಿ ಹರಿಯದೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ.

ನನ್ನ ಮನಸ್ಸು ಹಿಡಿದದ್ದು ಮಾತ್ರ ಎಂಜಿನ್ನಿನ ಕೆಳಗೆ ಬೋಲ್ಟ್ ಹಾಕಿ ಕೂರಿಸಿದ ಸತುವಿನ ತುಂಡು. ಉಪ್ಪು ನೀರಿಗೆ ಮೊದಲು ಅದು ಸವೆಯುತ್ತದೆ, ಎಂಜಿನ್ನಿನ ಅಲ್ಯೂಮಿನಿಯಂ ಉಳಿಯುತ್ತದೆ. ತಾನು ಕರಗಿ ಇನ್ನೊಂದನ್ನು ಉಳಿಸುವುದೇ ಅದರ ಕೆಲಸ! ಅದರ ಮೇಲೆ ಪೇಂಟ್ ಬಳಿಯಲೇಬಾರದು. ಅರ್ಧದಷ್ಟು ಕರಗಿದರೆ ಹೊಸದು ಹಾಕಬೇಕು.

ನಮ್ಮ ಆಲಮಟ್ಟಿ ಹಿನ್ನೀರು ಸಿಹಿನೀರು, ಇಲ್ಲಿ ಸತು ಅಷ್ಟು ಕೆಲಸ ಮಾಡುವುದಿಲ್ಲ, ಮೆಗ್ನೀಸಿಯಂ ತುಂಡು ಬೇಕು. ಕರಾವಳಿಯಿಂದ ಹಳೆ ಬೋಟ್ ತರುವವರು ಸುಮ್ನೆ ಬಣ್ಣ ನೋಡಬೇಡಿ, ಮೊದಲು ಬಗ್ಗಿ ಆ ತುಂಡು ನೋಡಿ.