ಸೊನ್ನೆಯಿಂದ ಎಣಿಸು

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಟೀಚರ್ ಫೋನ್ ಮಾಡಿದ ರಾತ್ರಿ ಅಟ್ಟದಿಂದ ನನ್ನ ಪ್ಲಸ್ ವನ್ ಕಾಲದ ಪ್ರಾಕ್ಟಿಕಲ್ ರೆಕಾರ್ಡ್ ಇಳಿಸಿದೆ. ಬೈಂಡಿನ ಒಂದು ಮೂಲೆ ಗೆದ್ದಲಿನ ಪಾಲಾಗಿದೆ. ಸರಳ ಲೋಲಕದ ಪುಟ ಮಾತ್ರ ಉಳಿದವಕ್ಕಿಂತ ತೆಳ್ಳಗಿದೆ. ರಬ್ಬರಿನಲ್ಲಿ ಉಜ್ಜಿದ್ದು ನಾನೇ.

2005ರ ಕೊನೆಯ ತಿಂಗಳುಗಳು. ಹತ್ತರವರೆಗೆ ಕನ್ನಡದಲ್ಲಿ ಓದಿದ ನಮಗೆ ಪುಸ್ತಕ ಇಂಗ್ಲಿಷಿಗೆ ತಿರುಗಿತ್ತು, ಕ್ಲಾಸಿನ ಹರಟೆ ಮಲಯಾಳಕ್ಕೆ. ಮನೆಯಲ್ಲಿ ತುಳು. ಗೊತ್ತಿದ್ದ ಉತ್ತರವನ್ನೂ ಯಾವ ಭಾಷೆಯಲ್ಲಿ ಹೇಳುವುದೆಂದು ಲೆಕ್ಕ ಹಾಕುವಷ್ಟರಲ್ಲಿ ಮುಂದಿನ ಬೆಂಚಿನವರು ಹೇಳಿ ಮುಗಿಸುತ್ತಿದ್ದರು. ಹಾಗಾಗಿ ನಾನು ಬಾಯಿ ತೆರೆಯುವುದನ್ನೇ ಬಿಟ್ಟಿದ್ದೆ. ಫಿಸಿಕ್ಸ್ ಮಾಷ್ಟ್ರು ಇದನ್ನು ಗಮನಿಸಿದ್ದರೋ ಏನೋ, ಒಮ್ಮೆಯೂ ಕೇಳಿದವರಲ್ಲ. ಲ್ಯಾಬಿನಲ್ಲಿ ಮಾತ್ರ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು.

ಆ ವರ್ಷದ ಭೌತಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಅಮೆರಿಕದ ರಾಯ್ ಗ್ಲೌಬರ್‌ಗೆ ಹೋಗಿತ್ತು. ಬೆಳಕನ್ನು ಕ್ವಾಂಟಮ್ ಭಾಷೆಯಲ್ಲಿ ವಿವರಿಸಿದ್ದಕ್ಕೆ. 1963ರಲ್ಲಿ ಅದೇ ದಾರಿಯಲ್ಲಿ ಮಹತ್ವದ ಲೇಖನ ಬರೆದ ಕೋಟ್ಟಯಂ ಪಳ್ಳಂನ ಇ.ಸಿ.ಜಿ. ಸುದರ್ಶನ್‌ಗೆ ಏನೂ ಇಲ್ಲ. ಪುಸ್ತಕಗಳಲ್ಲಿ ಆ ವಿವರಣೆಯ ಗಣಿತರೂಪಕ್ಕೆ ಇಬ್ಬರ ಹೆಸರೂ ಉಂಟು. ಸುದರ್ಶನ್ ಇದನ್ನು ನುಂಗಿಕೊಂಡು ಸುಮ್ಮನಿರಲಿಲ್ಲ, ನೊಬೆಲ್ ಸಮಿತಿಗೇ ಪತ್ರ ಬರೆದರು. ಮಾಷ್ಟ್ರು ಪತ್ರಿಕೆ ಹಿಡಿದುಕೊಂಡು ಬಂದು ಹೆಸರು ಓದಿದಾಗ ಹಿಂದಿನ ಬೆಂಚಿನಿಂದ ಯಾರೋ "ಇಸಿಜಿ ತೆಗೆಸಿದ್ದಾರಾ?" ಎಂದು ನಗಿಸಿದರು. ಮಾಷ್ಟ್ರೂ ನಕ್ಕರು. ಆಮೇಲೆ ಪೀರಿಯಡ್ ಪೂರ್ತಿ ಪಾಠ ನಡೆಯಲಿಲ್ಲ.

ಅವತ್ತು ಹೇಳಿದ್ದರಲ್ಲಿ ಟ್ಯಾಕಿಯಾನ್, ಅಂದರೆ ಬೆಳಕಿಗಿಂತ ವೇಗವಾಗಿ ಓಡುವ ಕಣದ ಕಲ್ಪನೆ, ನನಗೆ ಬೇಗ ಹಿಡಿಸಿತು. ಬೆಳಕಿನ ವೇಗ ದಾಟಲಾಗದು ಎಂದು ಐನ್‌ಸ್ಟೈನ್ ಹೇಳಿದ್ದು ಸರಿಯೇ. ಆದರೆ ಹುಟ್ಟುವಾಗಲೇ ಆಚೆ ಬದಿಯಲ್ಲಿರುವ ಕಣಗಳಿದ್ದರೆ? 1962ರಲ್ಲಿ ಬಿಲಾನಿಯುಕ್ ಮತ್ತು ದೇಶಪಾಂಡೆಯವರ ಜೊತೆ ಸುದರ್ಶನ್ ಎತ್ತಿದ ಪ್ರಶ್ನೆ ಅದು. ಹಿಮಾಲಯ ಹತ್ತಿ ದಾಟಿದವರಿಲ್ಲವೆಂದು ಆಚೆ ಜನರೇ ಇಲ್ಲ ಎನ್ನಬಹುದೇ ಎಂಬ ಹೋಲಿಕೆಯೂ ಅವರದೇ. ಮಾಷ್ಟ್ರು ಹಿಮಾಲಯವನ್ನು ತೆಗೆದು ನಮ್ಮ ಘಟ್ಟ ಇಟ್ಟರು. "ನಿನಗೆ ಘಟ್ಟ ಹತ್ತಲಿಕ್ಕೆ ಆಗದಿದ್ದರೆ ಮಡಿಕೇರಿಯಲ್ಲಿ ಜನ ಇಲ್ಲವಾ? ಅವರು ಅಲ್ಲೇ ಹುಟ್ಟಿದವರು ಮಾರಾಯ." ಅಂಥ ಕಣ ಇಂದಿಗೂ ಯಾರಿಗೂ ಸಿಕ್ಕಿಲ್ಲ, ಅದು ಬೇರೆ ಮಾತು.

ಲೋಲಕದ ಸಂಗತಿ ನಡೆದದ್ದು ಅದರ ಮುಂದಿನ ವಾರ. ಆಂದೋಲನಗಳ ಸಮಯ ಅಳೆದು ಲೆಕ್ಕ ಹಾಕುವ ಗುರುತ್ವ ವೇಗೋತ್ಕರ್ಷ ನನಗೆ 10.8 ಬಂದಿತ್ತು. ಇಡೀ ಪ್ರಪಂಚಕ್ಕೆ 9.8 ಇರುವಾಗ ನನಗೊಬ್ಬನಿಗೆ ಹೆಚ್ಚಿಗೆ ಯಾಕೆ? ಉಜ್ಜಿದೆ. ಸಮಯದ ಅಂಕಿಗಳನ್ನೂ ಹಿಂದಿನಿಂದ ಲೆಕ್ಕ ಹಾಕಿ ಕೂಡಿಸಿದೆ. ಮಾಷ್ಟ್ರು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು "ಎಂತ ಇದು?" ಎಂದರು.

ಯಾವ ಧೈರ್ಯ ಬಂತೋ, ಹೇಳಿಬಿಟ್ಟೆ: "ಸುದರ್ಶನ್ ಕೂಡ ಪ್ರಯೋಗವೇ ತಪ್ಪು ಅಂದರಲ್ಲ ಮಾಷ್ಟ್ರೇ?"

ಅವರೇ ಹೇಳಿದ ಕಥೆಯಿದು. ಕನ್ನಡಿಯೊಳಗಿನ ಜಗತ್ತಿಗೂ ನಮ್ಮ ನಿಯಮಗಳೇ ಎಂಬ ನಂಬಿಕೆ, ಕೋಬಾಲ್ಟ್ ಬಳಸಿ ಭೌತವಿಜ್ಞಾನಿ ಮೇಡಂ ವೂ ನಡೆಸಿದ ಪ್ರಯೋಗದಿಂದ 1957ರ ಆರಂಭದಲ್ಲಿ, ಪರಮಾಣುವಿನ ಬೀಜದಿಂದ ಎಲೆಕ್ಟ್ರಾನ್ ಹೊಮ್ಮುವ ಬೀಟಾ ವಿಕಿರಣದ ಮಟ್ಟಿಗೆ ಮುರಿದುಬಿದ್ದಿತ್ತು. ಹಾಗಾದರೆ ಈ ವಿಕಿರಣದ ಹಿಂದಿರುವ, 'ದುರ್ಬಲ ಬಲ' ಎಂದು ಕರೆಯುವ ಬಲದ ನಿಜವಾದ ರೂಪ ಯಾವುದು? ಒಂದು ಪ್ರಯೋಗ ಒಂದು ಕಡೆ ಬೆರಳು ತೋರಿಸಿದರೆ ಇನ್ನೊಂದು ಇನ್ನೊಂದು ಕಡೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾರ್ಷಾಕ್ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಇಪ್ಪತ್ತೈದರ ಹುಡುಗ ಸುದರ್ಶನ್ ಎಲ್ಲವನ್ನೂ ಎದುರಿಗೆ ಹರಡಿ ನೋಡಿ, ಗಣಿತದಲ್ಲಿ 'ವಿ ಮೈನಸ್ ಎ' ಎಂದು ಬರೆಯುವ ಒಂದೇ ರೂಪ ಸಾಧ್ಯ, ಅದಕ್ಕೆ ಹೊಂದದ ನಾಲ್ಕು ಪ್ರಯೋಗಗಳು ತಪ್ಪಿರಬೇಕು ಎಂದರು. ಆ ವರ್ಷದ ರೋಚೆಸ್ಟರ್ ಸಮ್ಮೇಳನದಲ್ಲಿ ವಿದ್ಯಾರ್ಥಿಗೆ ಮಾತಾಡಲು ಅವಕಾಶವಾಗಲಿಲ್ಲ. ಸೆಪ್ಟೆಂಬರಿನಲ್ಲಿ ಇಟಲಿಯ ಸಮ್ಮೇಳನದಲ್ಲಿ ಮಾರ್ಷಾಕ್ ಮಂಡಿಸಿದರು. ಅದರ ಸಂಪುಟ ಅಚ್ಚಾಗುವಷ್ಟರಲ್ಲಿ ಹೆಸರಾಂತ ಭೌತವಿಜ್ಞಾನಿಗಳಾದ ಫೈನ್‌ಮನ್ ಮತ್ತು ಗೆಲ್‌ಮನ್ ಅದೇ ಸಿದ್ಧಾಂತವನ್ನು ದೊಡ್ಡ ಪತ್ರಿಕೆಯಲ್ಲಿ ಪ್ರಕಟಿಸಿಯಾಗಿತ್ತು. ಮೊದಲು ಕಂಡವರು ಸುದರ್ಶನ್ ಮತ್ತು ಮಾರ್ಷಾಕ್ ಎಂದು ಫೈನ್‌ಮನ್ ಮುಂದೆ ತಾವೇ ಒಪ್ಪಿಕೊಂಡರು. ಒಪ್ಪಿಕೊಂಡದ್ದು ದೊಡ್ಡತನ ಹೌದು, ಆದರೆ ಅಷ್ಟರಲ್ಲಿ ಜಗತ್ತಿನ ಬಾಯಲ್ಲಿ ಬೇರೆ ಹೆಸರು ಕೂತಿತ್ತು. ನನಗೆ ಈಗಲೂ ಹೊಟ್ಟೆ ಉರಿಯುವುದು ನೊಬೆಲಿಗಲ್ಲ, ಆ ಸಮ್ಮೇಳನದಲ್ಲಿ ಸಿಗದ ಕೆಲವು ನಿಮಿಷಗಳಿಗೆ.

ಮಾಷ್ಟ್ರು ನನಗೆ ಬೈಯಲಿಲ್ಲ. "ಅವರು ತಪ್ಪು ಅಂದದ್ದು ಹೌದು. ಯಾರ ಅಂಕಿಯನ್ನಾದರೂ ಉಜ್ಜಿದರಾ? ಪುನಃ ಮಾಡಿ ಅಂದರು. ಪುನಃ ಮಾಡಿದಾಗ ಆ ನಾಲ್ಕೂ ಬಿದ್ದವು. ನೀನೂ ಪುನಃ ಮಾಡು."

ಊಟದ ಬೆಲ್ ಆದ ಮೇಲೂ ಒಬ್ಬನೇ ಮಾಡಿದೆ. ಮತ್ತೆ 10.8. ಮಾಷ್ಟ್ರು ಬಾಗಿಲಲ್ಲಿ ನಿಂತು "ಜೋರಾಗಿ ಎಣಿಸು" ಎಂದರು. ಲೋಲಕದ ಗುಂಡನ್ನು ಬಿಟ್ಟ ಕೂಡಲೇ ನಾನು "ಒಂದು" ಎಂದೆ. "ಅದು ಸೊನ್ನೆ ಅಲ್ಲವಾ?" ಎಂದರು ಅವರು. ಇಪ್ಪತ್ತು ಆಂದೋಲನ ಎಂದುಕೊಂಡು ನಾನು ಅಳೆಯುತ್ತಿದ್ದದ್ದು ಹತ್ತೊಂಬತ್ತನ್ನು.

ಸೊನ್ನೆಯಿಂದ ಎಣಿಸಿದಾಗ 9.7 ಬಂತು. ಅದನ್ನು 9.8 ಮಾಡಲು ಅವರು ಬಿಡಲಿಲ್ಲ. ಹಳೆಯ 10.8ನ್ನೂ ಮತ್ತೆ ಬರೆಸಿ, ಓದಲಾಗುವಂತೆ ಒಂದೇ ಗೆರೆ ಎಳೆಸಿದರು.

ಸುದರ್ಶನ್ 2018ರ ಮೇ ತಿಂಗಳಲ್ಲಿ ಟೆಕ್ಸಾಸಿನಲ್ಲಿ ತೀರಿಕೊಂಡರು. ಸುದ್ದಿ ಓದಿ ಮಾಷ್ಟ್ರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಅಡಿಕೆ ತೋಟದ ಹಿಂದೆ ಬಿದ್ದಿದ್ದರು, ಕಿವಿ ಸ್ವಲ್ಪ ಮಂದ. "ಯಾರು?" ಎಂದರು. ಹೆಸರು ಹೇಳಿದೆ, ಬ್ಯಾಚ್ ಹೇಳಿದೆ, ಗುರುತು ಹತ್ತಲಿಲ್ಲ.

"10.8" ಎಂದೆ.

"ಓ, ನೀನಾ!" ಎಂದರು.